ಅರ್ಧ ಬಾಡಿಗೆಯ ಕಡಲು

ನುಸಿಗುಳಿಗೆಯ ವಾಸನೆ ಬಂದರೆ ಟೀಚರಮ್ಮನಿಗೆ ಈಗಲೂ ಕಾಲು ನಿಲ್ಲುವುದಿಲ್ಲ. ಚಿಕ್ಕಂದಿನಲ್ಲಿ ಅಟ್ಟದ ಮೇಲಿನ ತಗಡಿನ ಟ್ರಂಕು ಕೆಳಗಿಳಿಯುತ್ತಿದ್ದುದು ಪ್ರಯಾಣಕ್ಕೆ ಮಾತ್ರ; ಮುಚ್ಚಳ ತೆಗೆದೊಡನೆ ಆ ವಾಸನೆ ಮನೆ ತುಂಬುತ್ತಿತ್ತು.

ಕಡಲ ದಂಡೆಯ ಈ ವಸತಿಗೃಹದ ಹೊದಿಕೆಯಲ್ಲೂ ಅದೇ ವಾಸನೆ. ಆಕೆ ಮೂಸಿ ನಕ್ಕಳು. ಗಂಡ ಮೂಗು ಮುರಿದರು.

"ಬೀರುವಿನೊಳಗೆ ಮಲಗಿದ ಹಾಗಿದೆ. ಇದಕ್ಕೇನಾ ಅರ್ಧ ಬಾಡಿಗೆ?"

"ಸೀಸನ್ನಲ್ಲಿ ಬಂದಿದ್ರೆ ಇದೇ ಬೀರುವಿಗೆ ಡಬಲ್ ಕೊಡಬೇಕಿತ್ತು ರೀ."

ಮೂವತ್ತನಾಲ್ಕು ವರ್ಷ ಭೂಪಟದ ನೀಲಿಯ ಮೇಲೆ ಕೋಲಿಟ್ಟು ಕಡಲಿನ ಪಾಠ ಮಾಡಿದವಳು ಆಕೆ. ಕಣ್ಣಾರೆ ನೋಡೋಣವೆಂದರೆ ಸ್ಕೂಲಿಗೆ ರಜೆ ಬರುವುದೂ ಬಾಡಿಗೆ ಏರುವುದೂ ಒಟ್ಟಿಗೇ. ನಿವೃತ್ತಿಯಾದ ಮೇಲೆ ವಾರಗಟ್ಟಲೆ ಫೋನು ಮಾಡಿ, ಮಳೆಗಾಲದ ಈ ಅಗ್ಗದ ನಾಲ್ಕು ದಿನ ಹುಡುಕಿದ್ದಳು. ಗಂಡನೋ ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದವರು. ಬಸ್ಸು ಕಳಿಸಿದ್ದೇ ಹೊರತು ತಾವು ಎಲ್ಲೂ ಹೋದವರಲ್ಲ. ಹಿಡಿಸದಿದ್ದರೆ ಮಾರನೆಯ ಬೆಳಗಿನ ಬಸ್ಸಿಗೇ ವಾಪಸ್ ಎಂಬ ಕರಾರಿನ ಮೇಲೆ ಹೊರಟಿದ್ದರು.

ಅಷ್ಟರಲ್ಲಿ ವಾಚ್‌ಮನ್ ತಲೆ ಕೆರೆದುಕೊಳ್ಳುತ್ತ ಬಾಗಿಲಲ್ಲಿ ನಿಂತ.

"ಅಮ್ಮಾ, ಫೋನಲ್ಲಿ ಹೇಳಿಲ್ವಾ? ಮಳೆಗಾಲದಲ್ಲಿ ಅಡುಗೆಮನೆ ಬಂದ್. ಸುತ್ತಮುತ್ತ ಹೋಟ್ಲೂ ಇಲ್ಲ."

ಬಾಡಿಗೆ ಕೇಳಿದವಳಿಗೆ ಊಟದ ವಿಷಯ ಕೇಳಲು ಹೊಳೆದಿರಲಿಲ್ಲ.

"ಕೇಳಿಸ್ಕೊಂಡ್ಯಾ? ನಾಳೆ ಆರೂಕಾಲಿಗೆ ಬಸ್ಸು," ಎಂದರು ಗಂಡ, ಚಪ್ಪಲಿಯನ್ನೂ ಕಳಚದೆ.

ಸಿಗುವುದು ಒಂದೇ ಸಂಜೆಯಾದರೆ ಅದೇ ಸಾಕು ಎಂದುಕೊಂಡು ಆಕೆ ಕೊಡೆ ಹಿಡಿದು ಹೊರಟಳು. ದಂಡೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಭೂಪಟದಲ್ಲಿ ನೀಲಿಯಾಗಿದ್ದದ್ದು ಇಲ್ಲಿ ಬೂದಿಬಣ್ಣ. ಅಷ್ಟು ವರ್ಷ ಮಕ್ಕಳಿಗೆ ತಪ್ಪು ಬಣ್ಣ ತೋರಿಸಿದೆನಲ್ಲ ಎಂದು ನಗು ಬಂತು. ಮೊಣಕಾಲಿನವರೆಗೆ ತೊಯ್ಯಿಸಿಕೊಂಡು ಕಣ್ತುಂಬ ನೋಡಿದಳು.

ಹಿಂದಿರುಗಿದಾಗ ವಾಚ್‌ಮನ್ ಕೋಣೆಯಿಂದ ಗಂಡನ ದನಿ ಕೇಳಿತು.

"ಉರಿ ಸ್ವಲ್ಪ ಸಣ್ಣ ಮಾಡಪ್ಪ, ತಳ ಹಿಡಿಯುತ್ತೆ."

"ಮನೇಲಿ ಅಡುಗೆ ನಿಮ್ದೇನಾ ಸಾರ್?"

"ಇಲ್ಲಪ್ಪ, ಹೇಳೋದು ಮಾತ್ರ ನಂದು."

ಆಕೆ ಇಣುಕಿದಳು. ಸಣ್ಣ ಸ್ಟೌವಿನ ಮುಂದೆ ಇಬ್ಬರೂ ಕುಕ್ಕರಗಾಲಲ್ಲಿ ಕೂತಿದ್ದರು. ವಾಚ್‌ಮನ್ ತನ್ನೊಬ್ಬನ ಅಕ್ಕಿಗೆ ಇನ್ನಿಬ್ಬರದ್ದನ್ನೂ ಸೇರಿಸಿದ್ದ.

"ತಿಂಗಳಾಯ್ತಮ್ಮ, ಮಾತಾಡೋಕೆ ಒಂದು ಜೀವ ಇರ್ಲಿಲ್ಲ," ಎಂದ. "ನಾಲ್ಕು ದಿನಾನೂ ಊಟ ನನ್ ಜೊತೇಲೇ ಆಗ್ಲಿ."

ಆಕೆ ಗಂಡನ ಕಡೆ ತಿರುಗಿದಳು. "ಮತ್ತೆ ಆರೂಕಾಲಿನ ಬಸ್ಸು?"

"ಈ ಮಹಾನುಭಾವ ಚದುರಂಗ ಆಡ್ತಾನಂತೆ," ಎಂದರು ಅವರು, ತಲೆಯೆತ್ತದೆ. "ಬಸ್ಸು ನಾನಿಲ್ದೇನೂ ಹೊರಡುತ್ತೆ ಬಿಡು."

ಅನ್ನ ಇಳಿದ ಮೇಲೆ ಅವರು ಮದುವೆಯಾದಂದಿನಿಂದ ಮಾಡದ ಕೆಲಸವೊಂದನ್ನು ಮಾಡಿದರು. ಹಬೆಯಾಡುವ ಅನ್ನವನ್ನೂ ಬೇಯಿಸಿದ ಆಲೂಗಡ್ಡೆಯನ್ನೂ ತಟ್ಟೆಗೆ ಬಡಿಸಿ, ಬಿಸಿ ತಾಗದಂತೆ ಕೆಳಗೆ ಟವಲ್ಲು ಮಡಿಸಿಟ್ಟು, ಆಕೆಯ ಕೈಗೆ ಕೊಟ್ಟರು.