ಸೊಪ್ಪಿನ ಮೇಲಿನ ಪುಡಿ

ಜಿಯಾವುಲ್ಲಾ ಡಾಕ್ಟರು ಕೇಳಿದ ಒಂದೇ ಮಾತಿಗೆ ಆದಿಲಕ್ಷ್ಮಮ್ಮನಿಗೆ ಶಿಡ್ಲಘಟ್ಟದಿಂದ ಊರು ತಲುಪೋವರೆಗೂ ಮೈಯೆಲ್ಲ ಉರಿಯುತ್ತಿತ್ತು. "ಮಾತ್ರೆ ಸರಿಯಾಗಿ ಕೊಡ್ತಿದ್ದೀಯೇನಮ್ಮ?" ಅಂದಿದ್ದರು. ಹೆತ್ತವಳನ್ನ ಕೇಳೋ ಮಾತೇ ಅದು? ಮಗಳು ರತ್ನಿಗೆ ಟೈಫಾಯ್ಡು. ಹೊತ್ತುಹೊತ್ತಿಗೆ ಕ್ಯಾಪ್ಸೂಲು, ನೀರು ಎರಡನ್ನೂ ಅವಳ ಕೈಗಿಟ್ಟೇ ತಾಯಿ ತೋಟಕ್ಕೆ ಸೊಪ್ಪು ಕೊಯ್ಯಲು ಹೋಗುತ್ತಿದ್ದಳು. ಆದರೂ ಹಾಳು ಜ್ವರ ಇಳಿದಿರಲಿಲ್ಲ. ಇನ್ನೂ ಹೀಗೇ ಆದರೆ ಕರುಳು ತೂತಾಗುತ್ತೆ, ಮಗು ದಕ್ಕಲ್ಲ ಅಂತ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿ, ಮತ್ತೆ ಮಾತ್ರೆ ಬರೆದುಕೊಟ್ಟಿದ್ದರು.

ಮನೆಗೆ ಬಂದರೆ ಹಾಸಿಗೆ ಖಾಲಿ. ಹುಳದ ಕೋಣೆಗೆ ಓಡಿದಳು.

ರತ್ನಿ ರೇಷ್ಮೆಹುಳದ ತಟ್ಟೆಗೆ ಒರಗಿ ನಿಂತಿದ್ದಳು. ನಿಲ್ಲಲಾರದೆ ಮೊಣಕಾಲು ನಡುಗುತ್ತಿತ್ತು. ಕೈಯಲ್ಲಿ ಬಿಚ್ಚಿದ ಕ್ಯಾಪ್ಸೂಲು. ಒಳಗಿನ ಪುಡಿಯನ್ನು ಹಿಪ್ಪುನೇರಳೆ ಸೊಪ್ಪಿನ ಮೇಲೆ ಚಿಟಿಕೆಚಿಟಿಕೆಯಾಗಿ ಉದುರಿಸುತ್ತಿದ್ದಳು.

"ಏನೇ ಅದು?"

"ನನ್ನ ಮಾತ್ರೆ ಕಣಮ್ಮ. ಇವು ಮೇವು ಮುಟ್ತಿಲ್ಲ, ಸಪ್ಪೆ ರೋಗ ಬಂದೈತೆ. ನೀನು ತೋಟಕ್ಕೆ ಹೋದಾಗೆಲ್ಲ ಹಾಕ್ತಿದ್ದೀನಿ."

ಆದಿಲಕ್ಷ್ಮಮ್ಮ ಹೊಡೆಯಲು ಕೈ ಎತ್ತಿದಳು. "ಯಾರೇ ಹೇಳಿಕೊಟ್ಟೋರು ನಿಂಗೆ?"

ಹುಡುಗಿ ಪಿಳಿಪಿಳಿ ನೋಡಿದಳು. "ನೀನೇ ಅಲ್ವಾ? ಹೋದ ಸಲದ ಹುಳದ ಬೆಳೇಲಿ ನನ್ನ ಕೆಮ್ಮು ನಿಂತ ತಕ್ಷಣ ಮಿಕ್ಕಿದ ಮಾತ್ರೇನೆಲ್ಲ ಸೊಪ್ಪಿಗೆ ಹಾಕ್ದೆ. ಮನುಷ್ಯರಾದ್ರೆ ಹೆಂಗೋ ಸುಧಾರಿಸ್ಕೋತಾರೆ, ಹುಳ ಹೋದ್ರೆ ಹೋದಂಗೇ ಅಂದೆ."

ಅಂದಿದ್ದಳು. ಅವಳತ್ತೆ ಹಾಗೇ ಮಾಡುತ್ತಿದ್ದಳು, ಅಕ್ಕಪಕ್ಕದವರೂ ಮಾಡುತ್ತಿದ್ದರು. ಮಗು ಇದನ್ನೆಲ್ಲ ಪಾಠದ ಹಾಗೆ ಕಲಿಯುತ್ತಿದೆ ಅಂತ ಯಾವ ತಾಯಿ ತಾನೇ ಯೋಚನೆ ಮಾಡಿದ್ದಳು? ಎತ್ತಿದ ಕೈಯಿಂದ ತನ್ನ ಬಾಯನ್ನೇ ಮುಚ್ಚಿಕೊಂಡಳು.

ಆಮೇಲೆ ಸೆರಗಿನ ಗಂಟು ಬಿಚ್ಚಿ ಹೊಸ ಮಾತ್ರೆ ತೆಗೆದಳು. "ತಗೋ, ನುಂಗು. ಜ್ವರ ಬಿಟ್ಟ ಮೇಲೂ ನುಂಗ್ಬೇಕು, ಡಾಕ್ಟರು ಸಾಕು ಅನ್ನೋವರೆಗೂ."

ರತ್ನಿ ಮಾತ್ರೆ ಹಿಡಿದು ತಟ್ಟೆ ಕಡೆ ನೋಡಿದಳು. "ಮತ್ತೆ ಇವಕ್ಕೆ? ಸತ್ತೋಗ್ತವಲ್ಲಮ್ಮ."

"ಸಾಯ್ಲಿ."

ಹುಳ ಸಾಕೋ ಮನೆಯಲ್ಲಿ ಯಾರೂ ಆಡಬಾರದ ಮಾತು ಅದು. ಹುಳದ ಎದುರಿಗೆ ಸಾವಿನ ಸುದ್ದಿಯನ್ನೂ ಎತ್ತದವಳು ಆದಿಲಕ್ಷ್ಮಮ್ಮ. ಈಗ ತಟ್ಟೆಗಳ ನಡುವೆಯೇ ನಿಂತು, ಅವೆಲ್ಲ ಕೇಳುವಂತೆ ಇನ್ನೊಂದು ಸಲ ಅಂದಳು. "ಎಲ್ಲಾ ಸಾಯ್ಲಿ. ನೀನು ನುಂಗು ನನ್ನವ್ವ."

ರತ್ನಿ ಹೆದರಿ ನುಂಗಿದಳು. ತಾಯಿ ಅವಳ ಗಲ್ಲ ಹಿಡಿದು, ಬಾಯಿ ತೆರೆಸಿ, ನಾಲಿಗೆಯ ಅಡಿಯಲ್ಲೂ ನೋಡಿದಳು.