ಮೊದಲ ನೆಲಾ ನೋಡಬೇಕ

"ಮೊದಲ ನನ್ನ ಮ್ಯಾಲೆ ಹಾಯಿಸು," ಅಂದಳು ಕೆಂಚವ್ವ. ಜೆಸಿಬಿಯ ಬಕೆಟ್ ಮೇಲೆತ್ತಿದ್ದಲ್ಲೇ ನಿಂತಿತು. ಡ್ರೈವರ್ ಇಂಜಿನ್ ಆರಿಸಿದ.

ಐನಾಪುರದ ಆ ಕಬ್ಬಿನ ಹೊಲದ ಅಂಚಿನಲ್ಲಿ ಅವಳ ಗಂಡ ವಿರುಪಾಕ್ಷಪ್ಪನಿಗೆ ಕುಣಿ ತೋಡಬೇಕಿತ್ತು. ಹೆಣವನ್ನಿನ್ನೂ ಮನೆಯ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಹೆಂಗಸರಿಗೆ ಕುಣಿಯ ಹತ್ತಿರ ಏನು ಕೆಲಸ ಎಂದು ಯಾರೋ ಗೊಣಗಿದರು. ಅವಳು ಅತ್ತ ತಿರುಗಿಯೂ ನೋಡಲಿಲ್ಲ.

ಮೈದುನ ಅಪ್ಪಾಸಾಬ ಕೈಮುಗಿದ. "ವೈನಿ, ಅರ್ಧಾ ತಾಸಿನ ಕೆಲಸ. ಮಂದಿ ಕುಂತೈತಿ. ಮಷೀನ್ ನಡುವ ಬಾಳೇವು ಮಾಡಿದ ಅಣ್ಣಗ ಮಷೀನ್‌ಲೇ ಕುಣಿ ತಗದ್ರ ತಪ್ಪೇನೈತ್ರಿ?"

"ನಿನ್ನಿ ಕಬ್ಬಿಗೆ ನೀರ ಬಿಟ್ಟೀರಿ. ಹಸಿ ಎರಿ ಮಣ್ಣಿನ ದಂಡಿಗೆ ಇಷ್ಟ ಭಾರ ನಿಂತ್ರ ಗೂಡು ಉಳಿತೈತೇನು? ನಿಮ್ಮಣ್ಣನ ತಲಿ ಮ್ಯಾಲ ಬೀಳತೈತಿ."

ಗೂಡೆಂದರೆ ಕುಣಿಯ ಗೋಡೆಯಲ್ಲಿ ಕೊರೆಯುವ ಜಾಗ. ಹೆಣವನ್ನು ಅದರೊಳಗೇ ಕೂರಿಸುವುದು.

"ಇದೆಲ್ಲಾ ನಿಮಗೇನ ತಿಳಿತೈತ್ರಿ?"

"ಮೂವತ್ತ ವರ್ಷ ಅವರ ಬುತ್ತಿ ಕಟ್ಟೀನಿ. ಅವರ ಮಾತ ಕೇಳ್ಕೋತ ಕಟ್ಟೀನಿ."

*

ಎಂಟು ವರ್ಷದ ಹಿಂದೆ, 2006ರಲ್ಲಿ, ಅವರಿದ್ದದ್ದು ಚಂದ್ರಪುರದ ಕಡೆಯ ಒಂದು ತೆರೆದ ಕಲ್ಲಿದ್ದಲು ಗಣಿಯಲ್ಲಿ. ವಿರುಪಾಕ್ಷಪ್ಪ ಫೋರ್‌ಮನ್. ಮಣ್ಣಿನ ಗೋಡೆಗೆ ಹೆಬ್ಬೆರಳು ಒತ್ತಿ ನೋಡದೆ ಯಂತ್ರ ಇಳಿಸಿದವನಲ್ಲ. ಹೊಸ ಯಂತ್ರ ಆರಿಸುವ ಕಾಗದಕ್ಕೆ ಅವನ ಸಹಿಯೊಂದೇ ಬಾಕಿ ಇತ್ತು. ಸಾಹೇಬರಿಗೆ ಎಲ್ಲಕ್ಕಿಂತ ದೊಡ್ಡ ಬಕೆಟ್ಟೇ ಬೇಕಿತ್ತು.

ಅವನು ಊಟಕ್ಕೆ ಕೂತವನು ಎರಡು ರೊಟ್ಟಿಯ ನಡುವೆ ತೆಳ್ಳಗೆ ಚಟ್ನಿ ಸವರಿದ. "ಚಟ್ನಿ ಅಂದ್ರ ಇದ್ದಲಿ, ರೊಟ್ಟಿ ಅಂದ್ರ ಕಲ್ಲು. ದೊಡ್ಡ ಬಕೆಟ್ ಎರಡೂ ಕೂಡಿಸಿ ಎತ್ತತೈತಿ. ಇಲ್ಲಿಗೆ ಸಣ್ಣದ ಬೇಕು, ಪದರ ಪದರ ಬಿಡಸೂವಂಥಾದ್ದು. ಮೊದಲ ನೆಲಾ ನೋಡಬೇಕ, ಆಮ್ಯಾಲೆ ಮಷೀನ್."

"ಎಲ್ಲಾರೂ ಮಾಡ್ಯಾರ, ನೀವೂ ಒಂದ ಸಹಿ ಮಾಡ್ರಿ," ಅಂದಿದ್ದಳು ಕೆಂಚವ್ವ. "ಬಡ್ತಿ ತಪ್ಪತೈತಿ."

ಅವನು ಮಾಡಲಿಲ್ಲ. ಬಡ್ತಿ ತಪ್ಪಿತು. ಅವನ ಸಹಿ ಇಲ್ಲದೆಯೇ ದೊಡ್ಡ ಯಂತ್ರ ಬಂತು, ಕಲ್ಲು ಬೆರೆತ ಕಲ್ಲಿದ್ದಲು ಲಾರಿಗಟ್ಟಲೆ ವಾಪಸು ಬಂತು. ಆದರೂ ಊರಿನವರ ಬಾಯಲ್ಲಿ ಅವನು ಹಟಮಾರಿ, ಅಷ್ಟೇ. ನೀವು ಹೇಳಿದ್ದು ಖರೆ ಎಂದು ಕೆಂಚವ್ವಳೂ ಒಂದು ದಿನವೂ ಅನ್ನಲಿಲ್ಲ.

*

"ಸಿದರಾಯ, ಗುದ್ದಲಿ ತಗೋ," ಅಂದಳು. ಕುಣಿ ತೋಡುವ ಮುದುಕ ಬೆಳಗಿನಿಂದ ಬೇಲಿಯ ಹತ್ತಿರ ಸುಮ್ಮನೆ ಕೂತಿದ್ದ.

"ಹೊತ್ತ ಮುಳಗತೈತ್ರಿ, ಅವ್ವಾರ."

"ಮುಳಗಲಿ. ಮ್ಯಾಲಷ್ಟ ಹಸಿ, ಕೆಳಗ ಗಟ್ಟಿ ಐತಿ. ಅವತ್ತ ಅವರ ಮಾತ ನಾನ ಕೇಳಲಿಲ್ಲ. ಇವತ್ತ ಊರಾಗಿನ ಮಂದಿ ಕೇಳಲಿ."

ಅಪ್ಪಾಸಾಬ ಅಂಗಿ ಬಿಚ್ಚಿ ಬದುವಿನ ಮೇಲಿಟ್ಟು, ಮಣ್ಣಿನ ಬುಟ್ಟಿ ಹಿಡಿದ.

ಹೆಣ ಹೊಲಕ್ಕೆ ಬಂದಾಗ ಬಿಸಿಲು ಕಬ್ಬಿನ ತುದಿಗೆ ಏರಿತ್ತು. ಕೆಂಚವ್ವ ಮೆಟ್ಟಿಲು ಹಿಡಿದು ಕುಣಿಗೆ ಇಳಿದಳು. ಯಾರೂ ತಡೆಯಲಿಲ್ಲ. ಗೂಡಿನ ಗೋಡೆಗೆ ಹೆಬ್ಬೆರಳು ಒತ್ತಿದಳು. ಮಣ್ಣು ಉದುರಲಿಲ್ಲ.

"ಕೂಡ್ರಸ್ರಿ," ಅಂದಳು.

ವಿರುಪಾಕ್ಷಪ್ಪನನ್ನು ಗೂಡಿನೊಳಗೆ ಕೂರಿಸಿ ಸುತ್ತ ವಿಭೂತಿ, ಪತ್ರಿ ತುಂಬಿದರು. ಅವನ ಕಿವಿಯ ಪಕ್ಕದ ಗೋಡೆಯಲ್ಲಿ ಅವಳ ಹೆಬ್ಬೆರಳಿನ ಗುರುತು ಹಾಗೇ ಇತ್ತು.