ಮಂತ್ರಿಗಳು ಹೊಲಿದ ಚೆಂಡು

"ಥೂ, ಇದೇನೇ ಕೈಯಾ, ಸೌದೆ ತುಂಡಾ? ತೆಗಿ ಆ ಕಡೆ! ಮುಂದಿನವಳು ಬಾ."

ಮ್ಯಾನೇಜರು ಬೆಳಗಿನಿಂದ ಕೈ ನೋಡುತ್ತಿದ್ದ. ಭವಿಷ್ಯ ಹೇಳುವುದಕ್ಕಲ್ಲ. ಹೊಲಿಗೆ ಶೆಡ್ಡಿನ ಹೆಂಗಸರ ಭವಿಷ್ಯ ಆಗಲೇ ತೀರ್ಮಾನವಾಗಿತ್ತು: ನಾಳೆಯಿಂದ ಶೆಡ್ಡಿಗೆ ಬೀಗ. ಈ ಸಲದ ಫುಟ್‌ಬಾಲ್ ವಿಶ್ವಕಪ್ಪಿನ ಚೆಂಡಿಗೆ ಹೊಲಿಗೆಯೇ ಇಲ್ಲವಂತೆ, ಮೆಷೀನು ತುಂಡುಗಳನ್ನು ಬಿಸಿ ಮಾಡಿ ಅಂಟಿಸಿಬಿಡುತ್ತದಂತೆ. ಆದರೆ ಬೀಗ ಹಾಕುವ ಹೊತ್ತಿಗೆ ಸರಿಯಾಗಿ ಧಣಿಗಳಿಗೆ ಇತಿಹಾಸದ ಮೇಲೆ ಪ್ರೀತಿ ಉಕ್ಕಿಬಂದಿತ್ತು. ಕಾರ್ಖಾನೆಯ ಮುಂಭಾಗದಲ್ಲಿ 'ಚೆಂಡಿನ ಚರಿತ್ರೆ' ಎಂಬ ಗ್ಯಾಲರಿ ಎದ್ದಿತ್ತು. ಅದರ ಕೊನೆಯಲ್ಲಿ ಹಗ್ಗ ಕಟ್ಟಿದ ಒಂದು ಮೂಲೆ, ಮೂಲೆಯಲ್ಲೊಂದು ಮಣೆ. ಆ ಮಣೆಯ ಮೇಲೆ ಒಬ್ಬ ಹೆಂಗಸು ಕೂತು, ಬಂದವರ ಕಣ್ಣೆದುರು ಹೊಲಿಯುತ್ತಿರಬೇಕು. ಅವಳೊಬ್ಬಳಿಗೆ ಕೆಲಸ ಉಳಿಯುತ್ತದೆ. ಮಿಕ್ಕವರು ಮನೆಗೆ.

ಸಾಲಿನಲ್ಲಿ ಒಂದಾದರೂ ನೆಟ್ಟಗಿನ ಕೈ ಸಿಗಲಿಲ್ಲ. ಚೆಂಡು ಹೊಲಿಯುವುದೆಂದರೆ ಎರಡು ಸೂಜಿ ಎರಡು ಕಡೆಯಿಂದ ಹಾಕಿ, ದಾರವನ್ನು ಬೆರಳಿಗೆ ಸುತ್ತಿ, ಎರಡೂ ತೋಳು ಅಗಲಿಸಿ ಎಳೆಯುವುದು. ಪ್ರತಿ ಎಳೆತಕ್ಕೂ ದಾರ ಚೆಂಡನ್ನೂ ಬಿಗಿಯುತ್ತದೆ, ಬೆರಳನ್ನೂ ಕೊಯ್ಯುತ್ತದೆ. ಕೊನೆಗೆ ಮ್ಯಾನೇಜರು ಮೇಣದಕ್ಕನ ಮುಂದೆ ನಿಂತ. ದಾರಕ್ಕೆ ಮೇಣ ಉಜ್ಜುವುದರಲ್ಲಿ ಇಡೀ ಶೆಡ್ಡಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಅದಕ್ಕೇ ಆ ಹೆಸರು.

"ನಿಂದು ಪರವಾಗಿಲ್ಲ. ಆದ್ರೆ ಬೆರಳಿಗೆ ಆ ಹಾಳು ರಬ್ಬರ್ ಪಟ್ಟಿ ಸುತ್ಕೊಂಡು ಬಂದ್ಯೋ, ಅಲ್ಲಿಂದ್ಲೇ ಒದ್ದು ಓಡಿಸ್ತೀನಿ. ಮಂತ್ರಿಗಳು ಬರ್ತಾರೆ. ನೋಡೋಕೆ ಲಕ್ಷಣವಾಗಿರ್ಬೇಕು."

"ಪಟ್ಟಿ ಇಲ್ದೆ ಎಳೆದ್ರೆ ಬೆರಳು ಸೀಳತ್ತೆ ಸಾರ್."

"ಮೆಲ್ಲಗೆ ಎಳಿ. ನೀನ್ ಹೊಲ್ದಿದ್ರಲ್ಲಿ ಯಾವನು ಗೋಲು ಹೊಡೀಬೇಕು ಈಗ?"

ಮೇಣದಕ್ಕ ಹೂಂ ಎಂದಳು. ಪಕ್ಕದ ಮಣೆಯಲ್ಲಿದ್ದ ನಾದಿನಿ ತಲೆ ಎತ್ತಲಿಲ್ಲ. ಮೇಣದಕ್ಕ ಮದುವೆಯಾಗಿ ಬಂದಾಗಿನಿಂದ ಅತ್ತಿಗೆ ನಾದಿನಿ ಒಟ್ಟಿಗೇ ಕೂತು ಹೊಲಿದವರು, ಒಂದೇ ಡಬ್ಬಿಯ ಬುತ್ತಿ ಉಂಡವರು. ಆ ದಿನ ನಾದಿನಿ ತನ್ನ ಪಾಲನ್ನು ಬೇರೆ ತಟ್ಟೆಗೆ ಹಾಕಿಕೊಂಡಳು.

"ಏನೇ, ಮಾತಾಡಲ್ವಾ?"

"ಏನ್ ಮಾತಾಡ್ಲಿ ಅತ್ತಿಗೆ? ನೀನಿನ್ನು ಹಗ್ಗದೊಳಗಿನ ಬೊಂಬೆ. ಟಿಕೆಟ್ ತಗೊಂಡು ಬಂದು ಮಾತಾಡಿಸ್ತೀನಿ ಬಿಡು."

ಮೇಣದಕ್ಕ ಡಬ್ಬಿಯ ಮುಚ್ಚಳ ಹಾಕಿದಳು. ಬೇಡವೆನ್ನಬಹುದಿತ್ತು. ಆದರೆ ಮನೆಯಲ್ಲಿ ದುಡಿಯುವ ಕೈ ಇವರಿಬ್ಬರದೇ. ಎರಡೂ ನಿಂತರೆ ಒಲೆ ಉರಿಯುವುದು ಹೇಗೆ? ತನ್ನದೊಂದಾದರೂ ಉಳಿಯಲಿ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು.

ಮರುದಿನ ಗ್ಯಾಲರಿಯ ಗೋಡೆಗೆ ಒತ್ತಿಕೊಂಡು ನಿಲ್ಲಿ ಎಂದು ಹೆಂಗಸರನ್ನೆಲ್ಲ ಕರೆಸಿದರು. ಚಪ್ಪಾಳೆಗೆ ಜನ ಬೇಕಿತ್ತು. ಇವರು ಈಚೆ ಬಂದದ್ದೇ ತಡ, ಮ್ಯಾನೇಜರು ಶೆಡ್ಡಿಗೆ ಬೀಗ ಜಡಿದು, ಕೀಲಿಯನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟುಕೊಂಡ. ಅವರ ಸೂಜಿ, ಮಣೆ, ಬುತ್ತಿಡಬ್ಬಿ ಎಲ್ಲ ಒಳಗೇ ಉಳಿದವು. ನಾಳೆ ಗೇಟಿನಲ್ಲಿ ಕೊಡಿಸುತ್ತೇನೆಂದ.

ಗ್ಯಾಲರಿಯಲ್ಲಿ ಗಾಜಿನ ಪೆಟ್ಟಿಗೆಗಳು ಸಾಲಾಗಿ ಹೊಳೆಯುತ್ತಿದ್ದವು. ಮೊದಲನೆಯದರಲ್ಲಿ ಎರಡು ಚೆಂಡು. ಮೊಟ್ಟಮೊದಲ ವಿಶ್ವಕಪ್ಪಿನ ಫೈನಲಿನಲ್ಲಿ ಎರಡೂ ತಂಡಗಳು ತಂತಮ್ಮ ಚೆಂಡೇ ಆಗಬೇಕೆಂದು ಹಟ ಹಿಡಿದು, ಅರ್ಧ ಆಟ ಒಂದರಲ್ಲಿ, ಅರ್ಧ ಆಟ ಇನ್ನೊಂದರಲ್ಲಿ ಆಡಿದ್ದರಂತೆ. ಆಮೇಲಿನದು ಬಾಯಿಗೆ ಲಾಡಿ ಬಿಗಿದ ಚರ್ಮದ ಚೆಂಡು. ಮಳೆಯಲ್ಲಿ ನೀರು ಕುಡಿದು ಕಲ್ಲಾಗುತ್ತಿದ್ದ, ತಲೆಯಿಂದ ಹೊಡೆದವನ ಹಣೆ ಒಡೆಯುತ್ತಿದ್ದ ಚೆಂಡು. ಮುಂದೆ ಟೀವಿಯಲ್ಲಿ ಎದ್ದು ಕಾಣಲೆಂದು ಕಪ್ಪು ಬಿಳುಪಿನ ಮೂವತ್ತೆರಡು ತುಂಡಿನದು. ಚರ್ಮ ಹೋಗಿ ಪ್ಲಾಸ್ಟಿಕ್ಕು ಬಂದದ್ದು. ಕಟ್ಟಕಡೆಯ ಪೆಟ್ಟಿಗೆಯಲ್ಲಿ ಹೊಲಿಗೆಯ ಗುರುತೇ ಇಲ್ಲದ ನುಣ್ಣನೆಯ ಹೊಸ ಚೆಂಡು. ಎಲ್ಲವೂ ಅಸಲಿಯಂತೇ ಇದ್ದವು. ಆ ಮುದಿ ಲಾಡಿಯ ಚೆಂಡು ಮಾತ್ರ ಹೋದ ತಿಂಗಳಷ್ಟೇ ನಾದಿನಿಯ ಕೈಯಲ್ಲಿ ಹುಟ್ಟಿತ್ತು. ಅದನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ, ಅಂಗಳದಲ್ಲಿ ಎಳೆದಾಡಿ, ಕಾವಲುಗಾರನಿಂದ ಒದೆಸಿ ವಯಸ್ಸು ಬರಿಸಿದ್ದರು.

ನಾದಿನಿ ಅದರ ಕೆಳಗಿನ ಫಲಕವನ್ನು ಕಾಗುಣಿತ ಕೂಡಿಸಿ ಓದಿದಳು. ಗೆದ್ದವರು ಯಾರು, ಗೋಲು ಹೊಡೆದವರು ಯಾರು, ಎಲ್ಲ ಇತ್ತು.

"ಒದ್ದೋರ ಹೆಸ್ರೆಲ್ಲ ಹಾಕಿದೀರಾ ಸಾರ್. ಹೊಲಿದೋರದ್ದು?"

"ಚರ್ಮ ಕೊಟ್ಟ ಎಮ್ಮೆ ಹೆಸ್ರೂ ಹಾಕಿಲ್ಲ," ಎಂದ ಮ್ಯಾನೇಜರು. "ಅದೇನಾದ್ರೂ ಕೇಳ್ತಾ? ಬಾಯ್ಮುಚ್ಕೊಂಡು ನಿಂತ್ಕೋ."

ಮಂತ್ರಿಗಳು ಬಂದರು. ಹಿಂದೆ ಧಣಿ, ಧಣಿಯ ಹಿಂದೆ ಕ್ಯಾಮೆರಾ ಹಿಡಿದವರು. ಎಲ್ಲರಿಗೂ ಗೊತ್ತಿದ್ದ ಒಂದು ವಿಶೇಷವಿತ್ತು: ಈ ಉದ್ಘಾಟನೆಗೆ ರಿಬ್ಬನ್ ಕತ್ತರಿಸುವುದಿಲ್ಲ. ಮೇಣದಕ್ಕ ಒಂದು ಚೆಂಡನ್ನು ಹೊಲಿದು ಕೊನೆಯ ಹೊಲಿಗೆಯೊಂದನ್ನು ಉಳಿಸಿರಬೇಕು, ಮಂತ್ರಿಗಳು ಅದನ್ನು ಎಳೆದು ಮುಗಿಸಬೇಕು. ಧಣಿಗಳದೇ ಐಡಿಯಾ.

ಮೇಣದಕ್ಕ ಬರಿಬೆರಳಲ್ಲಿ ಕೂತು ಹೊಲಿದಿದ್ದಳು. ಗೆಣ್ಣುಗಳು ಉರಿಯುತ್ತಿದ್ದವು. ರಕ್ತ ಚೆಂಡಿಗೆ ತಾಗದಂತೆ ಆಗಾಗ ಬೆರಳನ್ನು ಬಾಯಲ್ಲಿಟ್ಟು ಚೀಪಿಕೊಳ್ಳುತ್ತಿದ್ದಳು.

"ಓಹೋ, ಇಷ್ಟೇನಾ?" ಎಂದರು ಮಂತ್ರಿಗಳು. "ನಮ್ಮಜ್ಜಿ ಅಂಗಿಗೆ ಗುಂಡಿ ಹಾಕ್ತಿದ್ರು, ನೋಡಿದೀನಿ. ಕೊಡಮ್ಮ ಇಲ್ಲಿ."

"ಮೆತ್ತಗೆ ಎಳೀರಿ ಬುದ್ಧೀ, ಮೇಣ ಹಾಕಿದ ದಾರ, ಬೆರಳು ಕೊಯ್..."

"ಏ, ಮಂತ್ರಿಗಳಿಗೇ ಹೇಳಿಕೊಡ್ತೀಯಾ?" ಎಂದು ಮ್ಯಾನೇಜರು ಹಲ್ಲು ಕಡಿದ.

ಮಂತ್ರಿಗಳು ಕ್ಯಾಮೆರಾ ನೋಡಿ ನಕ್ಕು, ಎರಡೂ ತೋಳು ಅಗಲಿಸಿ ಜೋರಾಗಿ ಎಳೆದರು. ಮರುಗಳಿಗೆ "ಅಯ್ಯಯ್ಯೋ!" ಎಂದು ಚೀರಿದ ಚೀರಾಟಕ್ಕೆ ಹೊರಗಿನ ಡ್ರೈವರುಗಳೂ ಒಳಗೆ ಓಡಿಬಂದರು. ತೋರುಬೆರಳಿನ ಗೆಣ್ಣಿನಿಂದ ಒಂದು ತೊಟ್ಟು ರಕ್ತ ಚೆಂಡಿನ ಬಿಳಿ ತುಂಡಿನ ಮೇಲೆ ಬಿತ್ತು. ಆಮೇಲೆ ನಡೆದದ್ದೇ ನಡೆದದ್ದು. ಐಸ್ ತನ್ನಿ ಎಂದವರೆಷ್ಟು, ಡಾಕ್ಟರಿಗೆ ಫೋನ್ ಮಾಡಿದವರೆಷ್ಟು. ಒಬ್ಬ ಬಗ್ಗಿ ಬೆರಳಿಗೆ ಉಫ್ ಉಫ್ ಎಂದು ಊದುತ್ತಿದ್ದ. ಮಂತ್ರಿಗಳನ್ನು ಬಾಣಂತಿಯನ್ನು ನಡೆಸಿದ ಹಾಗೆ ಎರಡೂ ಕಡೆ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದರು.

ಧಣಿ ಬಾಗಿಲಲ್ಲಿ ತಿರುಗಿ ನಿಂತು ಕೂಗಿದ: "ಆ ಚೆಂಡನ್ನ ಯಾರೂ ಮುಟ್ಟಬೇಡಿ! ಆಟಕ್ಕಾಗಿ ಮಂತ್ರಿಗಳೇ ರಕ್ತ ಹರಿಸಿದ ಚೆಂಡು ಅಂತ ಗಾಜಿನೊಳಗೆ ಇಡೋಣ. ಚರಿತ್ರೆ ಅಂದ್ರೆ ಇದು!"

ಕ್ಯಾಮೆರಾದವರು, ಡ್ರೈವರುಗಳು ಎಲ್ಲ ಹಿಂದೆಯೇ ಒಳಗೆ ನುಗ್ಗಿದ ಮೇಲೆ ಬಾಗಿಲು ಮುಚ್ಚಿತು. ಮ್ಯಾನೇಜರು ಚೆಂಡಿನ ಕಡೆ ತಿರುಗಿದ. ಚರಿತ್ರೆ ಅಲ್ಲಿರಲಿಲ್ಲ.

ಬಿಳಿ ತುಂಡಿನ ಮೇಲೆ ರಕ್ತ ಬಿದ್ದರೆ ಆರುವ ಮೊದಲು ಉಗುಳು ಹಚ್ಚಿ ಒರೆಸಬೇಕು. ಕಲೆ ಕೂತರೆ ಚೆಂಡು ರಿಜೆಕ್ಟು, ಹೊಲಿದವಳು ಮನೆಗೆ. ಇದು ಶೆಡ್ಡಿನ ಹೆಂಗಸರಿಗೆ ಉಸಿರಾಟದ ಹಾಗೆ ರೂಢಿಯಾಗಿಬಿಟ್ಟಿತ್ತು. ಆ ಗದ್ದಲದಲ್ಲಿ ಯಾರು ಏನು ಕೂಗಿದರೋ ಮೇಣದಕ್ಕನ ಕಿವಿಗೆ ಬಿದ್ದಿರಲಿಲ್ಲ. ಕಣ್ಣಿಗೆ ಕಂಡದ್ದು ಕಲೆಯೊಂದೇ. ತೊಟ್ಟು ಬೀಳುತ್ತಿದ್ದಂತೆಯೇ ಚೆಂಡನ್ನು ಮಡಿಲಿಗೆ ಎಳೆದುಕೊಂಡು, ಉಗುಳಿ, ಬಟ್ಟೆಯ ಅಂಚಿನಿಂದ ತಿಕ್ಕಿ ಕನ್ನಡಿಯ ಹಾಗೆ ಮಾಡಿಟ್ಟಿದ್ದಳು.

"ಅಯ್ಯೋ ನಿನ್ ಮನೆ ಹಾಳಾಗ! ಮಂತ್ರಿಗಳ ರಕ್ತಕ್ಕೆ ಉಗುಳಿದ್ಯೇನೇ ಮುಂಡೇದೆ?"

"ಕಲೆ ಕೂತ್ಕೊಳ್ಳತ್ತಲ್ಲ ಸಾರ್..."

ಮ್ಯಾನೇಜರಿಗೆ ಬೆವರು ಕಿತ್ತುಕೊಂಡಿತು. ಒಳಕೋಣೆಯಿಂದ ಚಹಾ ಲೋಟಗಳ ಸದ್ದು ಕೇಳುತ್ತಿತ್ತು. ಅವನು ಹಗ್ಗ ದಾಟಿ ಬಂದು ಅವಳ ಕಿವಿಯ ಹತ್ತಿರ ಬಗ್ಗಿದ. "ಬೇಗ ನಿನ್ ಬೆರಳು ಹಿಂಡು. ಒಂದು ತೊಟ್ಟು ಹಾಕು. ಯಾರಿಗೆ ಗೊತ್ತಾಗತ್ತೆ?"

ಮೇಣದಕ್ಕ ಅವನನ್ನೇ ನೋಡಿದಳು. ಇಷ್ಟು ವರ್ಷ ತನ್ನ ರಕ್ತ ಕಂಡರೆ ಚೆಂಡನ್ನು ಮುಖಕ್ಕೆ ಎಸೆಯುತ್ತಿದ್ದವನು ಈಗ ಅದನ್ನೇ ಬೇಡುತ್ತಿದ್ದ. ಅವಳಿಗೆ ನಗು ಬಂತು, ಅದರ ಬೆನ್ನಿಗೇ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು.

"ನಮ್ದು ಬಿದ್ರೆ ರಿಜೆಕ್ಟ್ ಆಗತ್ತೆ ಸಾರ್. ನೀವೇ ಕಲಿಸಿದ್ದು."

"ತಮಾಷೆ ಮಾಡ್ಬೇಡ ಕಣೇ. ಈ ಮಣೆ ಬೇಕೋ ಬೇಡ್ವೋ ನಿಂಗೆ?"

ಅವಳು ಗೋಡೆಯ ಕಡೆ ನೋಡಿದಳು. ಅಲ್ಲಿ ನಾದಿನಿ ನಿಂತಿದ್ದಳು, ಉಳಿದವರೂ ನಿಂತಿದ್ದರು.

"ಬೇಡ," ಎಂದಳು ಮೇಣದಕ್ಕ.

"ಅಕ್ಕಾ... ನಿನ್ ಕಾಲಿಗೆ ಬೀಳ್ತೀನಿ. ಬಂದ್ಬಿಡ್ತಾರೆ."

"ಅದಕ್ಯಾಕೆ ಅಷ್ಟು ದೂರ? ನಿಮ್ ಕೈ ಇದೆಯಲ್ಲ ಸಾರ್, ಎಷ್ಟು ಲಕ್ಷಣವಾಗಿದೆ!" ಎಂದವಳೇ ಅವನ ಮಣಿಕಟ್ಟು ಹಿಡಿದಳು. ವರ್ಷಗಟ್ಟಲೆ ದಾರ ಎಳೆದ ಹಿಡಿತ, ಅವನು ಕೊಸರಿದರೂ ಬಿಡಲಿಲ್ಲ. ಸೂಜಿ ಚುಚ್ಚಿದಳು. ಬೆರಳನ್ನು ಚೆಂಡಿನ ಮೇಲೆ ಹಿಂಡಿದಳು. ಒಂದಲ್ಲ, ಎರಡು ತೊಟ್ಟು ಬಿತ್ತು. "ಬಾಯ್ಮುಚ್ಕೋ ಬೋಳಿಮಗನೆ, ಬಂದ್ರು," ಎಂದು ಅವನ ಕೈ ಬಿಟ್ಟು, ಹಗ್ಗ ದಾಟಿ ನಾದಿನಿಯ ಪಕ್ಕ ಹೋಗಿ ನಿಂತಳು.

ಮಂತ್ರಿಗಳು ಬ್ಯಾಂಡೇಜು ಎತ್ತಿ ತೋರಿಸುತ್ತ ಬಂದರು. ಧಣಿ ಚೆಂಡನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ಗಾಜಿನ ಪೆಟ್ಟಿಗೆಯಲ್ಲಿಟ್ಟ. "ಈ ಕಲೆಯನ್ನ ಮುಂದಿನ ಪೀಳಿಗೆ ನೋಡಬೇಕು!" ಎಂದ. ಮಂತ್ರಿಗಳ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಮ್ಯಾನೇಜರು ಒಂದು ಕೈಯನ್ನು ಜೇಬಿಗೆ ತುರುಕಿ, ಚಪ್ಪಾಳೆ ತಟ್ಟಲಾಗದೆ ಹಲ್ಲು ಕಿರಿದು ನಿಂತಿದ್ದ.

ಮೊದಲು ಕಿಸಕ್ಕೆಂದವಳು ನಾದಿನಿ. ಅವಳಿಂದ ಪಕ್ಕದವಳಿಗೆ ಹತ್ತಿತು, ಅಲ್ಲಿಂದ ಗೋಡೆಯುದ್ದಕ್ಕೂ. ಬಾಯಿಗೆ ಬಟ್ಟೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ.

"ಏನದು ನಗು?" ಎಂದು ಧಣಿ ಹುಬ್ಬು ಗಂಟಿಕ್ಕಿದ.

ಮೇಣದಕ್ಕ ಮುಂದೆ ಬಂದಳು. "ಹೇಳ್ಲಾ ಸಾರ್?" ಎಂದು ಮ್ಯಾನೇಜರನ್ನು ಕೇಳಿದಳು, ಬಹಳ ವಿನಯದಿಂದ.

ಅವನ ಮುಖ ಬಿಳಿಚಿಕೊಂಡಿತು. ಬೇಡವೆಂದು ತಲೆಯಾಡಿಸಿದ.

"ಹಂಗಾದ್ರೆ ಶೆಡ್ಡಿನ ಕೀಲಿ ಕೊಡಿ. ಒಳಗೆ ಹೋಗಿ ಕೂತ್ಕೋತೀವಿ. ನಮ್ ನಮ್ ಮಣೆ ಮೇಲೆ, ಎಲ್ರೂ. ಎಬ್ಬಿಸೋಕೆ ಬಂದೋರಿಗೆ ಈ ಚೆಂಡಿನ ಕಥೆ ಹೇಳ್ತೀವಿ."

ಅವಳು ಅಂಗೈ ಚಾಚಿದಳು. ಮ್ಯಾನೇಜರು ಧಣಿಯನ್ನು ನೋಡಿದ, ಮಂತ್ರಿಗಳನ್ನು ನೋಡಿದ, ಗಾಜಿನೊಳಗಿನ ತನ್ನ ರಕ್ತವನ್ನು ನೋಡಿದ. ನಗು ಈಗ ನಿಂತಿತ್ತು. ಹೆಂಗಸರು ಒಬ್ಬೊಬ್ಬರಾಗಿ ಗೋಡೆ ಬಿಟ್ಟು ಬಂದು ಮೇಣದಕ್ಕನ ಹಿಂದೆ ನಿಂತರು.